ಎಣ್ಣೆ ಹಿಡಿದ ತಗಡಿನ ಅಚ್ಚು

ಕಾರು ಮೊದಲು ಸದ್ದು ಮಾಡಿದ ದಿನದ ಬಗ್ಗೆ ನನ್ನಲ್ಲಿ ಎರಡು ದಾಖಲೆಗಳಿವೆ; ಎರಡೂ ಒಂದನ್ನೊಂದು ಒಪ್ಪುವುದಿಲ್ಲ. ದಿನಚರಿಯ ಬುಧವಾರದ ಪುಟದಲ್ಲಿ "ಸೇಡಂ ದಾರಿ, ಮುಂದಿನ ಗಾಲಿಯ ಮೇಲೆ ಟಕ್ ಟಕ್" ಎಂದಿದೆ. ಕಾರಿನಲ್ಲಿಯೇ ಇಡುವ ಓಟದ ಪುಸ್ತಕದಲ್ಲಿ ಅದೇ ಮಾತು ಮಂಗಳವಾರದ ಎದುರಿಗಿದೆ. ಅಂದು ಹೋಗಿದ್ದ ಸೇಡಂನ ಗ್ರಂಥಾಲಯಕ್ಕೆ ಫೋನು ಮಾಡಿ, ಸಂದರ್ಶಕರ ಪುಸ್ತಕದಲ್ಲಿ ನನ್ನ ಸಹಿ ಯಾವ ದಿನದ್ದೆಂದು ಕೇಳಿದೆ. ಮಂಗಳವಾರದ್ದು. ದಿನಚರಿಯನ್ನು ನಾನು ಮರುದಿನ ಬರೆದಿರಬೇಕು. ಹೀಗೆ ಆರಂಭದ ದಿನವೊಂದು ಖಚಿತವಾಯಿತು. ಮುಂದಿನ ಮೂರು ವಾರಗಳಲ್ಲಿ ನನಗೆ ಖಚಿತವಾಗಿ ತಿಳಿದದ್ದು ಬಹುಶಃ ಅದೊಂದೇ.

ನಾನು ಶಾಸನಗಳ ಕಾಲನಿರ್ಣಯದ ಕೆಲಸ ಮಾಡಿ ನಿವೃತ್ತಳಾದವಳು. ವಾಸ ಚಿತ್ತಾಪುರದಲ್ಲಿ. ಸೇವೆಯಲ್ಲಿದ್ದಾಗ ಅವಸರದಲ್ಲಿ ಓದಿದ ಕಲ್ಲುಗಳನ್ನು ಈಗ ಒಂದೊಂದಾಗಿ ಮತ್ತೆ ನೋಡಿ, ಹಳೆಯ ಟಿಪ್ಪಣಿಗಳನ್ನು ತಿದ್ದುತ್ತಿದ್ದೇನೆ. ಆ ಕಲ್ಲುಗಳು ಬಸ್ಸು ನಿಲ್ಲುವಲ್ಲಿ ಇರುವುದಿಲ್ಲ. ಹೊಲದ ಬದುವಿನಲ್ಲಿ, ಹಾಳು ಬಾವಿಯ ಪಕ್ಕದಲ್ಲಿ ಇರುತ್ತವೆ. ನನ್ನ ಮೊಣಕಾಲುಗಳು ಅಷ್ಟು ದೂರ ನಡೆಯುವ ಸ್ಥಿತಿಯಲ್ಲಿಲ್ಲ. ಹಳೆಯ ಬಿಳಿಯ ಸಣ್ಣ ಕಾರೊಂದೇ ನನ್ನ ಕಾಲು. ಅದರ ನೋಂದಣಿಯ ಅವಧಿ ಮುಗಿಯುತ್ತಿತ್ತು, ಕಲಬುರಗಿಯಲ್ಲಿ ತಪಾಸಣೆಯ ದಿನ ಗೊತ್ತಾಗಿತ್ತು. ಸದ್ದು ಕೇಳಿದ ಆ ಮಂಗಳವಾರಕ್ಕೂ ತಪಾಸಣೆಗೂ ನಡುವೆ ಸರಿಯಾಗಿ ಮೂರು ವಾರ. ಅಂದು ಕಾರು ಒಪ್ಪಿಗೆಯಾಗದಿದ್ದರೆ ಅದು ಮತ್ತೆ ರಸ್ತೆಗಿಳಿಯುವಂತಿಲ್ಲ. ಅದು ಇಳಿಯದಿದ್ದರೆ ನನ್ನ ತಿದ್ದುಪಡಿಯ ಕೆಲಸವೂ ಅಲ್ಲಿಗೇ ನಿಂತಂತೆ.

ಕಾರನ್ನು ಬಹು ವರ್ಷಗಳಿಂದ ನೋಡಿಕೊಳ್ಳುತ್ತ ಬಂದವರು ಶಹಾಬಾದದ ಒಬ್ಬ ಮೆಕ್ಯಾನಿಕ್ಕರು. ಎಲ್ಲರೂ ಅವರನ್ನು ಉಸ್ತಾದರು ಎನ್ನುತ್ತಾರೆ. ಕಲ್ಲಿಗೆ ಪಾಲಿಶ್ ಹೊಡೆಯುವ ಅಂಗಳಗಳ ನಡುವೆ ಅವರ ಶೆಡ್ಡು; ಒಂದೇ ವಾಹನ ನಿಲ್ಲುವಷ್ಟು ಜಾಗ. ನೆಲಕ್ಕೆ ಹಾಸಿದ್ದೂ ಅಲ್ಲಿಯ ಚಪ್ಪಡಿ ಕಲ್ಲೇ, ಗಾರೆ ಕಾಣದಷ್ಟು ಒತ್ತಾಗಿ. ಉಸ್ತಾದರು ಬಾನೆಟ್ ಎತ್ತಿ, ನನ್ನ ಕೈಯನ್ನು ಗಾಲಿಯ ನೇರಕ್ಕೆ ಮೇಲಿರುವ ಗುಮ್ಮಟದ ಮೇಲೆ ಇಡಿಸಿ, ತಾವು ಸ್ಟಿಯರಿಂಗ್ ತಿರುಗಿಸಿದರು. ಅಂಗೈಯ ಕೆಳಗೆ ಏನೋ ಒಮ್ಮೆ ಜಿಗಿದು ಕೂತಿತು.

"ತಿಳೀತೇನ್ರಿ ಅಕ್ಕೋರ? ಮುಪ್ಪು ಗಾಲಿಗಿ ಬಂದಿಲ್ಲ, ನೆತ್ತಿಗಿ ಬಂದದ."

ಈ ಕಾರಿನ ಮುಂದಿನ ಗಾಲಿಗಳಲ್ಲಿ ಸ್ಪ್ರಿಂಗು ಮತ್ತು ಕುಲುಕಾಟ ತಡೆಯುವ ಶಾಕಪ್ ಒಂದೇ ಕಂಬವಾಗಿ ಕೂಡಿರುತ್ತವೆ. ಅದಕ್ಕೆ ಸ್ಟ್ರಟ್ ಎನ್ನುತ್ತಾರೆ. ಆ ಕಂಬದ ತುದಿಯನ್ನು ಕಾರಿನ ಮೈಗೆ ಹಿಡಿದಿಡುವುದು ಮೌಂಟ್: ಅಂಗೈಯಗಲದ ಉಕ್ಕಿನ ತಗಡು, ಕೆಳಗೆ ದಪ್ಪ ರಬ್ಬರ್, ನಡುವೆ ಕಂಬದ ತುದಿ ತೂರುವ ತೂತು, ಸುತ್ತ ಮೂರು ಬೋಲ್ಟುಗಳಿಗೆ ಮೂರು ತೂತು. ರಬ್ಬರ್ ಸವೆದರೆ ಪ್ರತಿ ಗುಂಡಿಯಲ್ಲೂ ಕಂಬದ ತಲೆ ತಗಡಿಗೆ ಬಡಿಯುತ್ತದೆ. ನನಗೆ ಕಾರು ಮಾರಿದ ವೈದ್ಯರು, ಮೌಂಟುಗಳನ್ನು ಒಮ್ಮೆ ಬದಲಾಯಿಸಿದ್ದಾಗಿ ಹೇಳಿದ್ದರು. ಉಸ್ತಾದರು ತಲೆಯಲ್ಲಾಡಿಸಿದರು. "ಡಾಕ್ಟರ್ ಹೇಳ್ಯಾರಂದ್ರ ಹೇಳ್ಯಾರ. ಗಾಡಿ ಹಂಗ ಹೇಳವಲ್ದು." ಎರಡರಲ್ಲಿ ಯಾವುದು ನಿಜವೆಂದು ಆಗ ನಿರ್ಧರಿಸಲು ಆಗದೆ, ಎರಡನ್ನೂ ಬರೆದುಕೊಂಡೆ.

ಹೊಸ ಮೌಂಟ್ ಎಲ್ಲಿಯೂ ಸಿಗಲಿಲ್ಲ. ಕಲಬುರಗಿಯ ಅಂಗಡಿಗಳಲ್ಲಿ ಇಲ್ಲ, ಹೈದರಾಬಾದಿನ ಒಬ್ಬ ವ್ಯಾಪಾರಿ ಫೋನಿನಲ್ಲಿ, "ಆ ಗಾಡಿ ಇನ್ನೂ ಜೀವಂತ ಅದಾ ಏನ್ರಿ?" ಎಂದು ನಿಜವಾದ ಕುತೂಹಲದಿಂದ ಕೇಳಿದ. ಇವೆಲ್ಲಕ್ಕೆ ಐದು ದಿನ ಹೋದವು. ಕೊನೆಗೆ ಉಸ್ತಾದರೇ ದಾರಿ ಹೇಳಿದರು. ಎರಡು ಗಲ್ಲಿ ಆಚೆ ಒಬ್ಬ ಲೇತ್ ಯಂತ್ರದವರಿದ್ದಾರೆ. ಪಾಲಿಶ್ ಯಂತ್ರಗಳು ನಡುಗದಂತೆ ಅವುಗಳ ಕೆಳಗೆ ಹಾಕುವ ಮೆತ್ತೆಗಳನ್ನು ಅವರೇ ಮಾಡುವುದು, ಸಿಮೆಂಟ್ ಕಾರ್ಖಾನೆಗಳು ಮಾರಿಬಿಟ್ಟ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರಿನಿಂದ. ದಿನವಿಡೀ ಕಲ್ಲು ಉಜ್ಜುವ ಯಂತ್ರವನ್ನು ತಡೆದ ರಬ್ಬರು ನನ್ನ ಕಾರನ್ನು ತಡೆಯದೇ? ಅವರು ಒಪ್ಪಿದರು, ಮಾದರಿ ತಂದುಕೊಟ್ಟರೆ ನಾಲ್ಕು ದಿನದಲ್ಲಿ ಜೋಡಿ ಮಾಡಿಕೊಡುವುದಾಗಿ ಹೇಳಿದರು.

ಬಿಚ್ಚಿದ್ದು ಮರುದಿನ ಬೆಳಿಗ್ಗೆ. (ಉಸ್ತಾದರ ನೆನಪಿನಲ್ಲಿ ಅದು ಗುರುವಾರ. ಕಾರಿನ ಕೆಳಗೆ ನಾವು ಹಾಸಿದ್ದ ಪತ್ರಿಕೆ ಸೋಮವಾರದ್ದು. ಪತ್ರಿಕೆ ಹಳೆಯದಿರಬಹುದೆಂಬ ಅವರ ವಾದವನ್ನು ತಳ್ಳಿಹಾಕುವಂತಿಲ್ಲವಾದರೂ, ನನ್ನ ಎರಡೂ ಪುಸ್ತಕಗಳು ಸೋಮವಾರವನ್ನೇ ಹೇಳುತ್ತವೆ.) ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಗಾಲಿ ತೆಗೆದರು. ಬ್ರೇಕಿನ ಪೈಪನ್ನು ಕಂಬದಿಂದ ಬಿಡಿಸಿದರು, ಕೆಳಗಿನ ಎರಡು ಬೋಲ್ಟು, ಮೇಲಿನ ಮೂರು ಬೋಲ್ಟು ಬಿಚ್ಚಿದರು; ಕಂಬ ಕೈಗೆ ಬಂತು. ನಡುವಿನ ನಟ್ಟಿಗೆ ನಾನು ಪಾನಾ ಚಾಚಿದಾಗ ಉಸ್ತಾದರು ಗದರಿದರು.

"ಅದಕ್ಕ ಕೈ ಹಚ್ಚಬ್ಯಾಡ್ರಿ! ಸ್ಪ್ರಿಂಗ್ ಒತ್ತಿ ಕಟ್ಟೂತನಕಾ ಆ ನಟ್ಟು ಬಿಚ್ಚಿದ್ರ ಅದು ನಿಮ್ಮ ಶಾಸನಾ ಬರೀತದ."

ಎರಡು ಕೊಕ್ಕೆಗಳಿಂದ ಸ್ಪ್ರಿಂಗನ್ನು ಎದುರುಬದುರು ಹಿಡಿದು, ಇತ್ತ ನಾಲ್ಕು ಸುತ್ತು, ಅತ್ತ ನಾಲ್ಕು ಸುತ್ತು ಬಿಗಿದು, ಅದು ಸಡಿಲವಾಗಿ ಅಲ್ಲಾಡಿದ ಮೇಲೆಯೇ ಅವರು ನಟ್ಟು ತೆಗೆದದ್ದು. ಎರಡೂ ಕಡೆಯ ಮೌಂಟುಗಳು ಹೊರಬಂದವು. ರಬ್ಬರು ಬಿರಿದು, ತಗಡಿನಿಂದ ಅರ್ಧ ಬಿಟ್ಟುಕೊಂಡಿತ್ತು. ನಡುವಿನ ತೂತು ಸರಿಯಾಗಿ ನಡುವೆ ಇರಲಿಲ್ಲ. ಒಂದು ಜೋಳದ ಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು. "ಎಡದ್ದು ಬ್ಯಾರೆ, ಬಲದ್ದು ಬ್ಯಾರೆ ಇರ್ತದ್ರಿ ಇದು," ಎಂದಷ್ಟೇ ಉಸ್ತಾದರು ಹೇಳಿದರು.

ತೊಡಕು ಬಂದದ್ದು ಇಲ್ಲಿ. ಮೌಂಟುಗಳನ್ನು ಲೇತಿನವರಿಗೆ ಕಳಿಸಿದರೆ ಕಾರು ನಾಲ್ಕು ದಿನ ಶೆಡ್ಡಿನಲ್ಲಿ ಅಲ್ಲಾಡದೆ ನಿಲ್ಲಬೇಕು. ಹೊರಗೆ ಕಲ್ಲು ಸಾಗಿಸುವ ಟ್ರ್ಯಾಕ್ಟರೊಂದು ಸರದಿ ಕಾಯುತ್ತಿತ್ತು.

"ಗಾಡಿ ಕಾಲಿಲ್ದಂಗ ಇಲ್ಲೇ ಕುಂತ್ರ ನಾ ಎಲ್ಲಿ ಕುಂದರ್ಲಿ? ಹಳೇವೇ ಹಾಕಿ ಹೊರಗ ತೆಗೀತೀನಿ. ಟ್ರ್ಯಾಕ್ಟರ್ ಮುಗಿದ ಮ್ಯಾಲ ತರ್ರಿ. ಆವಾಗ ಬಿಚ್ಚಿ ಸ್ಯಾಂಪಲ್ ಕಳಸೋಣ."

ಅದಕ್ಕೆ ಇನ್ನೂ ಐದಾರು ದಿನ ಕಾಯಬೇಕಿತ್ತು. ನನಗೆ ಒಂದು ಉಪಾಯ ಹೊಳೆಯಿತು. ಮಾದರಿಯನ್ನೇ ಕಳಿಸಬೇಕೆಂದೇನಿದೆ? ಅಚ್ಚು ತೆಗೆದು ಕಳಿಸಬಹುದಲ್ಲ! ಕಲ್ಲಿನ ಅಚ್ಚು ತೆಗೆಯುತ್ತ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದವಳು ನಾನು. ಕಾಗದ, ಶಾಯಿ, ಕುಂಚ, ಬಟ್ಟೆಯ ಗಂಟು ಈಗಲೂ ಡಿಕ್ಕಿಯಲ್ಲಿರುತ್ತವೆ.

"ಕಾಗದ ನಂಬಿ ಕಬ್ಬಿಣ ಕಡಿಯೋದೇನ್ರಿ?" ಎಂದರು ಉಸ್ತಾದರು.

"ಸಾವಿರ ವರ್ಷದ ರಾಜರನ್ನೇ ಕಾಗದ ನಂಬಿ ಬರೆದಿದ್ದೇವೆ, ಉಸ್ತಾದರೇ."

"ರಾಜರು ಗುಂಡ್ಯಾಗ ಬೀಳಲ್ರಿ. ಬೀಳೋರು ನೀವು."

ಶಾಸನದ ಅಚ್ಚು ತೆಗೆಯುವ ಕ್ರಮ ಹೀಗೆ: ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಅದು ಅಕ್ಷರದ ಹಳ್ಳಗಳಿಗೆ ಇಳಿದ ಮೇಲೆ, ಕಾಗದದ ಹೊರಮೈಗೆ ಶಾಯಿಯ ಗಂಟನ್ನು ತಟ್ಟಬೇಕು. ಆದರೆ ಗ್ರೀಸು ಕುಡಿದ ತಗಡಿನ ಮೇಲೆ ಒದ್ದೆ ಕಾಗದ ನಿಲ್ಲಲಿಲ್ಲ, ಜಾರಿ ಜಾರಿ ಹರಿಯಿತು. ಹಿಂದೊಮ್ಮೆ ಗುಂಡಗುರ್ತಿಯ ಹತ್ತಿರ, ಊರವರು ಎಣ್ಣೆ ಎರೆದು ಎರೆದು ನುಣುಪಾಗಿಸಿದ ವೀರಗಲ್ಲೊಂದರಲ್ಲಿ ನನಗೆ ಇದೇ ತೊಂದರೆಯಾಗಿತ್ತು. ಆಗ ಶಾಯಿಯನ್ನು ಕಲ್ಲಿಗೇ ಬಳಿದು, ಒಣ ಕಾಗದವನ್ನು ಅದಕ್ಕೆ ಒತ್ತಿ ಕೆಲಸ ಮುಗಿಸಿದ್ದೆ. ಈಗಲೂ ಹಾಗೆಯೇ ಮಾಡಿದೆ. ತಗಡಿನ ಮೇಲ್ಮುಖ ಸಪಾಟಾಗಿತ್ತು; ಅದಕ್ಕೆ ಶಾಯಿ ಬಳಿದು, ಮುಖ ಕೆಳಗಾಗಿ ಕಾಗದದ ಮೇಲಿಟ್ಟು, ಮೇಲಿನಿಂದ ಒತ್ತಿದೆ. ಎರಡು ಸ್ಪಷ್ಟ ಮುದ್ರೆಗಳು ಬಂದವು, ಕಪ್ಪಿನಲ್ಲಿ ತೂತುಗಳು ಬಿಳಿಯಾಗಿ. ಒಂದಕ್ಕೆ "ಎಡ", ಇನ್ನೊಂದಕ್ಕೆ "ಬಲ" ಎಂದು ಬರೆದು, ದಪ್ಪದ ಅಳತೆ ಸೇರಿಸಿ, ದಿನಾಂಕ ಹಾಕಿ, ಸಹಿ ಮಾಡಿದೆ. ಎಡದ ತಗಡಿನ ಅಂಚಿನಲ್ಲಿ ಯಾವುದೋ ಸಣ್ಣ ಉಬ್ಬು ಗುರುತು ಇತ್ತು. ಅದೂ ಕಾಗದದಲ್ಲಿ ಮೂಡಿತ್ತು, ಏನೆಂದು ತಿಳಿಯಲಿಲ್ಲ. ಅಭ್ಯಾಸದಂತೆ ಪಕ್ಕದಲ್ಲಿ "ಸವೆದಿದೆ, ಓದಲಾಗದು" ಎಂದು ಟಿಪ್ಪಣಿ ಹಾಕಿದೆ. ಉಸ್ತಾದರು ಹಳೆಯ ಮೌಂಟುಗಳನ್ನು ಮತ್ತೆ ಕೂಡಿಸಿದರು.

ಲೇತಿನವರು ಅಚ್ಚನ್ನು ಬೆಳಕಿಗೆ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕೋರ, ಇದು ಮ್ಯಾಲಿಂದ ನೋಡಿದ್ದೋ, ಕೆಳಗಿಂದ ನೋಡಿದ್ದೋ?"

"ಮೇಲ್ಮುಖದ್ದು. ಮೇಲಿನಿಂದಲೇ," ಎಂದೆ. ಎಳ್ಳಷ್ಟೂ ಅನುಮಾನವಿರಲಿಲ್ಲ.

ಹೇಳಿದ ದಿನಕ್ಕೆ ಹೊಸ ಜೋಡಿ ಬಂತು. ಮರುದಿನ ಟ್ರ್ಯಾಕ್ಟರೂ ಹೋಯಿತು. ಶನಿವಾರ ಮೌಂಟುಗಳನ್ನು ಹಾಕಿಸಿಕೊಂಡು ವಾಡಿಯ ಕಡೆಗೆ ಹೊರಟೆ. ರೈಲ್ವೆ ಗೇಟಿನ ಹಳಿಗಳ ಮೇಲೆ ಕಾರು ಮೌನವಾಗಿ ದಾಟಿತು. ಆ ಮೌನವನ್ನು ಮತ್ತೆ ಕೇಳಲೆಂದು ಇನ್ನೊಮ್ಮೆ ದಾಟಿದೆ. ಆಮೇಲೆ ಒಂದು ತಿರುವು ಬಂತು. ತಿರುಗಿಸಿದೆ, ಸ್ಟಿಯರಿಂಗ್ ತಿರುಗಿದಲ್ಲೇ ನಿಂತಿತು.

ತಿರುವು ಮುಗಿದೊಡನೆ ಅದು ತಾನಾಗಿ ನೇರಕ್ಕೆ ಬರಬೇಕು, ಇಷ್ಟು ವರ್ಷ ಬರುತ್ತಿತ್ತು. ಈಗ ನಾನೇ ಎಳೆದು ತರಬೇಕಾಯಿತು. ನೇರ ರಸ್ತೆಯಲ್ಲಿ ಕಾರು ಒಮ್ಮೆ ಅತ್ತ, ಒಮ್ಮೆ ಇತ್ತ ಸರಿಯುತ್ತಿತ್ತು, ಊರಿಗೆ ಹೊಸಬರು ವಿಳಾಸ ಹುಡುಕುವಂತೆ. ಎಡಕ್ಕೆ ಎಳೆಯುತ್ತದೆಯೇ? ಇಲ್ಲ. ಬಲಕ್ಕೆ? ಇಲ್ಲ. ಒಂದು ಕಡೆಗೆ ಎಳೆದಿದ್ದರೆ ಕಾರಣ ಹುಡುಕಬಹುದಿತ್ತು. ಅದಕ್ಕೆ ಯಾವ ಪಕ್ಷಪಾತವೂ ಇರಲಿಲ್ಲ.

ತಪಾಸಣೆಗೆ ಉಳಿದದ್ದು ಹತ್ತು ದಿನ. ಟೈರಿನ ಗಾಳಿ ನೋಡಿಸಿದೆವು, ಸರಿಯಿತ್ತು. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿದೆವು, ವ್ಯತ್ಯಾಸವಿಲ್ಲ. ಬೇರಿಂಗುಗಳಿಗೆ ಗ್ರೀಸು ತುಂಬಿದೆವು; ಸ್ಟಿಯರಿಂಗ್ ಹಗುರವಾಯಿತೇ ಹೊರತು ಮರಳಲಿಲ್ಲ. ಸೇಡಂನಲ್ಲಿ, ಗಾಲಿಗಳು ನೇರಕ್ಕಿವೆಯೇ ಎಂದಷ್ಟೇ ಅಳೆಯುವ ಸಣ್ಣ ಅಂಗಡಿಗೆ ಒಯ್ದೆ. ಅಳತೆ ತಪ್ಪಿಲ್ಲವೆಂದು ಅಲ್ಲಿಯವನು ಮೂರು ಸಲ ತೋರಿಸಿದ.

"ಗಾಲಿ ನೆಟ್ಟಗ ಅವ್ರೀ ಅಮ್ಮಾ. ಕೈ ಏನರ ನೋಯಾಕತ್ತಾವೇನು ನಿಮ್ಮವು?"

ಪ್ರತಿಯೊಂದನ್ನೂ ದಿನ, ಹೊತ್ತು, ರಸ್ತೆ, ವೇಗ ಸಹಿತ ಬರೆದಿಟ್ಟೆ. ನಾಲ್ಕು ಪುಟ ತುಂಬಿದವು. ಅವನ್ನು ಓದಿದಷ್ಟೂ ನನಗೆ ತಿಳಿದದ್ದು ಕಡಿಮೆಯಾಗುತ್ತ ಹೋಯಿತು. ಒಂದು ಹಂತದಲ್ಲಿ, ಕಾರು ಮೊದಲಿನಿಂದಲೂ ಹೀಗೆಯೇ ಇತ್ತೇನೋ, ಸದ್ದಿನ ಗದ್ದಲದಲ್ಲಿ ನಾನು ಗಮನಿಸಿರಲಿಲ್ಲವೇನೋ ಎಂದೂ ಅನಿಸಿತು. ಹಳೆಯ ಓಟದ ಪುಸ್ತಕಗಳನ್ನು ತೆಗೆದು ನೋಡಿದೆ. ಸ್ಟಿಯರಿಂಗ್ ಮರಳುತ್ತದೆ ಎಂದು ಯಾರು ತಾನೇ ಬರೆದಿಡುತ್ತಾರೆ?

ಐದು ದಿನ ಉಳಿದಾಗ ಉಸ್ತಾದರು ಸ್ಟಿಯರಿಂಗ್ ಬಾಕ್ಸಿನ ಮೇಲೆ ಬೆರಳಿಟ್ಟರು. "ಇದು ಒಳಗ ಹಿಡ್ಯಾಕತ್ತದ. ಚಿಂಚೋಳ್ಯಾಗ ಇಂಥದೇ ಗಾಡಿ ಒಂದು ಗುಜರಿಗಿ ಬಿದ್ದದ. ಅದರ ಬಾಕ್ಸ್ ತಂದು ಹಾಕಿಬಿಡ್ತೀನಿ. ಹೂಂ ಅನ್ರಿ."

"ಸದ್ದು ಇರುವವರೆಗೂ ಇದು ಹಿಡಿಯುತ್ತಿರಲಿಲ್ಲವಲ್ಲ?"

"ಹಿಡೀತಿರ್ಲಿಲ್ರಿ."

"ಮೌಂಟ್ ಹಾಕಿದ ದಿನವೇ ಹಿಡಿಯತೊಡಗಿತೇ?"

ಅವರು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ಅಕ್ಕೋರ, ನನಗೂ ತಲಿ ತಿರಗ್ಯದ. ನಾ ಹಾಕಿದ್ದು ಸರಿ ಅದ, ಅವ ಮಾಡಿದ್ದು ಸರಿ ಅದ, ನೀವು ಬರದಿದ್ದು ಸರಿ ಅದ. ಮತ್ತ ತಪ್ಪು ಎಲ್ಲಿಂದ ಬಂತ್ರಿ?"

ಬೇಡವೆಂದೆ. ಒಂದು ದಿನ ಕೊಡಿ ಎಂದೆ. ನನಗೆ ಯಂತ್ರದ ತಿಳಿವಳಿಕೆ ಇತ್ತೆಂದಲ್ಲ. ಒಂದು ಘಟನೆಯ ಮರುಕ್ಷಣ ಕಾಣಿಸಿಕೊಂಡ ದೋಷಕ್ಕೆ ಆ ಘಟನೆಯನ್ನು ಬಿಟ್ಟು ಬೇರೆಡೆ ಕಾರಣ ಹುಡುಕುವುದಕ್ಕೆ, ಕಾಲಾನುಕ್ರಮವನ್ನೇ ನಂಬಿ ಬದುಕಿದ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮಲ್ಲಿ ಜಗಳವೇನೂ ಆಗಲಿಲ್ಲ. ಆದರೆ ಅಂದು ಉಸ್ತಾದರು ಚಹಾ ತರಿಸಲಿಲ್ಲ.

ಮರುದಿನ ಬೆಳಿಗ್ಗೆ ಕಾರಿನ ಕಡತವನ್ನು ತಪಾಸಣೆಗೆಂದು ಜೋಡಿಸುತ್ತಿದ್ದೆ. ವೈದ್ಯರು ಮೌಂಟ್ ಬದಲಾಯಿಸಿದ್ದು ನಿಜವೇ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಲೇತಿನವರು ಹಿಂತಿರುಗಿಸಿದ್ದ ಅಚ್ಚುಗಳು ಕಡತದಲ್ಲಿದ್ದವು. "ಸವೆದಿದೆ, ಓದಲಾಗದು" ಎಂದು ಬರೆದಿದ್ದ ಆ ಗುರುತು ತಯಾರಿಕೆಯ ತಿಂಗಳು, ವರ್ಷವಾಗಿರಬಹುದಲ್ಲವೇ? ಹಾಗಿದ್ದರೆ ಕಾರಿನ ಮೊದಲ ನೋಂದಣಿಯೊಂದಿಗೆ ತಾಳೆ ನೋಡಬಹುದು. ಕನ್ನಡಕ ಬದಲಿಸಿ, ಭೂತಗನ್ನಡಿ ಹಿಡಿದು, ಅಂಕಿಯೆಂದು ಊಹಿಸಿ ಓದಲು ಯತ್ನಿಸಿದೆ; ಯಾವ ಅಂಕಿಯೂ ಆಗಲಿಲ್ಲ. ಗೀರುಗಳೇನಾದರೂ ಇವೆಯೇ ಎಂದು ನೋಡಲು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯನ್ನು ನನ್ನ ಕಡೆಗೆ ತಿರುಗಿಸಿದೆ.

ತಿಂಗಳು, ವರ್ಷ ಎರಡೂ ಸ್ಪಷ್ಟವಾಗಿ ಓದಲು ಬಂದವು.

ಕಾರಿನ ಮೊದಲ ನೋಂದಣಿಗೆ ಸ್ವಲ್ಪ ಮುಂಚಿನ ಕಾಲ. ಅಂದರೆ ಮೌಂಟುಗಳು ಮೂಲದವೇ. ವೈದ್ಯರ ನೆನಪು ತಪ್ಪು. ಒಂದು ಕ್ಷಣ, ತಾರೀಖು ಸಿಕ್ಕ ಸಂತೋಷವೊಂದೇ ಇತ್ತು. ಆಮೇಲೆ, ಅದು ಹಿಂಬದಿಯಿಂದ ಏಕೆ ಓದಲು ಬಂತು ಎಂಬ ಪ್ರಶ್ನೆ ನಿಧಾನವಾಗಿ ಎದ್ದಿತು. ನಾನು ಕುರ್ಚಿಯಲ್ಲಿ ಕುಳಿತುಕೊಂಡೆ.

ಕಾಗದವನ್ನು ಮೇಲೆ ಹಾಸಿ ಶಾಯಿ ತಟ್ಟಿದರೆ ಬರುವುದು ವಸ್ತು ಇದ್ದ ಹಾಗೆಯೇ ಇರುವ ರೂಪ. ವಸ್ತುವಿಗೇ ಶಾಯಿ ಬಳಿದು ಕಾಗದಕ್ಕೆ ಒತ್ತಿದರೆ ಬರುವುದು ಕನ್ನಡಿಯ ರೂಪ. ರಬ್ಬರ್ ಮೊಹರು ಒತ್ತುವ ಯಾವ ಗುಮಾಸ್ತನಿಗೂ ಗೊತ್ತಿರುವ ಸಂಗತಿ. ಮೂರು ಬೋಲ್ಟಿನ ತೂತುಗಳು ಸಮಾನ ಅಂತರದವಾದ್ದರಿಂದ ತಿರುಗುಮುರುಗಾದ ತಗಡೂ ಸಲೀಸಾಗಿ ಕೂತಿತ್ತು. ನಡುವಿನ ತೂತು ಮಾತ್ರ ಹಿಂದಕ್ಕೆ ಸರಿಯಬೇಕಾದದ್ದು ಮುಂದಕ್ಕೆ ಸರಿದಿತ್ತು, ಎರಡೂ ಕಡೆ ಒಂದೇ ಸಮನಾಗಿ. ಕಂಬಗಳ ತಲೆ ಹಿಂದಕ್ಕೆ ಓರೆಯಾಗಿದ್ದರೆ ತಾನೇ ಗಾಲಿ ತಾನಾಗಿ ನೇರಕ್ಕೆ ಮರಳುವುದು. ನಾನು ಅವುಗಳ ತಲೆಯನ್ನು ಮುಂದಕ್ಕೆ ಬಾಗಿಸಿದ್ದೆ.

ಶೆಡ್ಡಿಗೆ ಹೋಗಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕೆಂದು ಹೇಳಿದೆ. ಹೊಸದು ಮಾಡಿಸುವುದೇನೂ ಬೇಡ. ಎಡದ ಕನ್ನಡಿರೂಪವೇ ಬಲ. ಉಸ್ತಾದರು ಅಚ್ಚನ್ನೂ ನನ್ನನ್ನೂ ನೋಡಿದರು. ನಾನು ಎರಡೂ ಅಂಗೈಗಳನ್ನು ಎದುರುಬದುರು ಜೋಡಿಸಿ ತೋರಿಸಿದೆ.

"ಅಂದ್ರ," ಎಂದರು ಅವರು, ನಗು ತಡೆದುಕೊಂಡು, "ಇಷ್ಟು ದಿನ ಗಾಡಿಗಿ ಎಡಗಾಲಿಂದು ಬಲಗಾಲಿಗಿ, ಬಲಗಾಲಿಂದು ಎಡಗಾಲಿಗಿ ಚಪ್ಪಲಿ ಹಾಕಿ ನಡಸೀವಿ. ಪಾಪ, ಅದಾದ್ರೂ ಹ್ಯಾಂಗ ನೆಟ್ಟಗ ಹೋದೀತು?"

"ತಪ್ಪು ನನ್ನದು, ಉಸ್ತಾದರೇ. ನಿಮ್ಮದೂ ಅಲ್ಲ, ಲೇತಿನವರದೂ ಅಲ್ಲ."

"ಬರದು ಕೊಡ್ರಿ," ಎಂದರು. ತಮಾಷೆಯೆಂದುಕೊಂಡೆ, ಅಲ್ಲ. ಅದೇ ಅಚ್ಚಿನ ಕೆಳಗೆ ಬರೆದು, ದಿನಾಂಕ ಹಾಕಿ ಕೊಟ್ಟೆ. ಅವರು ಅದನ್ನು ಪಾನಾಗಳ ಹಲಗೆಯ ಮೇಲೆ ಮೊಳೆಗೆ ಸಿಕ್ಕಿಸಿ, ಚಹಾ ತರಿಸಿದರು. ಆಮೇಲೆ ಸ್ಪ್ರಿಂಗಿನ ಕೊಕ್ಕೆಗಳನ್ನು ತೆಗೆದರು.

ತಪಾಸಣೆಯ ದಿನ ಅಧಿಕಾರಿ ಕಾರನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿದರು. ತಿರುವಿನಲ್ಲಿ ಅವರು ಕೈ ಸಡಿಲಿಸಿದ್ದನ್ನು ನಾನು ಹೊರಗಿನಿಂದಲೇ ಕಂಡೆ. ಸ್ಟಿಯರಿಂಗ್ ಅವರ ಬೆರಳುಗಳ ನಡುವೆ ಜಾರಿ ತನ್ನ ಜಾಗಕ್ಕೆ ಬಂತು. ಕಾರು ಒಪ್ಪಿಗೆಯಾಯಿತು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅಚ್ಚನ್ನು ಕಿಟಕಿಗೆ ಹಿಡಿದ ಬೆಳಗಿನಿಂದ ಇನ್ನೊಂದು ಅಚ್ಚು ನನ್ನ ತಲೆಯಲ್ಲಿ ಕೂತಿತ್ತು. ಗುಂಡಗುರ್ತಿಯ ಆ ಎಣ್ಣೆಗಲ್ಲಿಗೂ ನಾನು ಶಾಯಿ ಬಳಿದು ಕಾಗದ ಒತ್ತಿದ್ದೆ. ಅದರಲ್ಲಿ ಬರಹವಿರಲಿಲ್ಲ, ಇದ್ದಿದ್ದರೆ ಅಕ್ಷರಗಳು ನನ್ನನ್ನು ಅಂದೇ ಹಿಡಿದುಕೊಡುತ್ತಿದ್ದವು. ವೀರ, ಕುದುರೆ, ಮೇಲೆ ಸೂರ್ಯಚಂದ್ರರು, ಅಷ್ಟೆ. ಸುತ್ತಲಿನ ಕಲ್ಲುಗಳಲ್ಲಿ ನಾನು ಕಂಡದ್ದಕ್ಕೆ ಭಿನ್ನವಾಗಿ ಇಲ್ಲಿ ಚಂದ್ರನು ನೋಡುವವರ ಎಡಕ್ಕಿದ್ದಾನೆಂದು ಅಚ್ಚನ್ನೇ ಆಧಾರವಾಗಿಟ್ಟುಕೊಂಡು ಲೇಖನ ಬರೆದಿದ್ದೆ. ಆ ಭಿನ್ನತೆಗೆ ಕಾರಣವನ್ನೂ ಒಂದು ಪುಟದಷ್ಟು ಊಹಿಸಿದ್ದೆ. ಆ ಪುಟವನ್ನು ಇಬ್ಬರು ಮೂವರು ಮೆಚ್ಚಿದ್ದರು ಕೂಡ.

ಒಪ್ಪಿಗೆಯಾದ ಕಾರಿನಲ್ಲಿ ನಾನು ಮೊದಲು ಹೋದದ್ದು ಅಲ್ಲಿಗೇ. ಹೊಲದ ದಾರಿಯ ಗುಂಡಿಗಳಲ್ಲಿ ಮೌಂಟುಗಳು ಸದ್ದೆತ್ತಲಿಲ್ಲ. ಕಲ್ಲಿನ ಮುಂದೆ ಒಬ್ಬ ಹೆಂಗಸು ಬಟ್ಟಲಿನಿಂದ ಎಣ್ಣೆ ಎರೆಯುತ್ತಿದ್ದಳು. ನಾನು ಸರಿದು ನಿಂತು ಮೇಲಿನ ಅಂಚನ್ನು ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

"ಏನ್ ನೋಡಾಕತ್ತೀರಿ ಯಮ್ಮಾ?"

"ಚಂದ್ರ ಯಾವ ಕಡೆ ಇದ್ದಾನೆ ಅಂತ."

ಅವಳು ಎಣ್ಣೆಯ ಬೆರಳಿನಿಂದ ಬಲಕ್ಕೆ ತೋರಿಸಿದಳು. "ಅಗಾ, ಅಲ್ಲಿ ಅದಾನ. ನಾ ಲಗ್ನಾಗಿ ಬಂದಾಗಿಂದ ಅಲ್ಲೇ ಅದಾನ್ರಿ. ಎಲ್ಲಿ ಹೋಗ್ತಾನ?"

ಪುಸ್ತಕ ತೆಗೆದು ಚಂದ್ರ ಬಲಕ್ಕೆ ಎಂದೂ, ಹಿಂದಿನ ಲೇಖನದ ಆ ಪುಟ ಪೂರ್ತಿ ತಪ್ಪೆಂದೂ ಬರೆದೆ. ದಿನಾಂಕ ಹಾಕುವಾಗ ಪೆನ್ನು ತಡೆಯಿತು. ಅವಳನ್ನೇ ಕೇಳಿದೆ, ಇವತ್ತು ಯಾವ ವಾರ?

"ಸೋಮವಾರ್ರಿ. ಮತ್ತ ಎಣ್ಣಿ ಯಾಕ ತಂದೀನಿ?"

ಸೋಮವಾರ ಎಂದು ಬರೆದೆ. ತಾಳೆ ನೋಡಲು ಇನ್ನೊಂದು ಪುಸ್ತಕವನ್ನು ತೆಗೆಯಲಿಲ್ಲ.